ಬೆನ್ನಿಗೆ ಕಟ್ಟಿದ ಜೋಳದ ದಿಂಡು

“ಆ ಮಾತು ನಾನೇ ಕಿವಿಯಾರೆ ಕೇಳಿದೀನಿ,” ಎಂದಳು ಎರಿನಾ ಅಜ್ಜಿ. “ಮಣ್ಣು ಮಾಡೋ ದಿನ ಕಂಬಳಿ ಅಡ್ಡ ಕಟ್ಟಿದ್ರು. ಒಳಗೆ ಹೆಣದ ಹತ್ರ ನಮ್ಮ ಕುಲಗೆಳೆಯ ಜೈರೊಸ್ ಒಬ್ಬನೇ ಇದ್ದ. ಆದ್ರೂ ಅವನ ಗಂಟಲು ಗೊತ್ತಲ್ಲ, ಪಿಸುಗುಟ್ಟಿದ್ರೂ ಪಕ್ಕದ ಬೀದಿಗೆ ಕೇಳಿಸತ್ತೆ.”

“ಏನಂದ್ರು ಅಜ್ಜಿ?” ಕೇಳಿದಳು ಸೆಕಾಯಿ.

ಮುದುಕಿ ಕಣ್ಣು ಮುಚ್ಚಿದಳು. ಹೊದಿಕೆಯ ಕೆಳಗೆ ಅವಳ ಮೈ ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗಾಗಿತ್ತು.

“‘ಇದೇ ನಿನ್ನ ಮಗು. ಬೆನ್ನಿಗೆ ಕಟ್ಟಿಕೊಂಡು ಹೋಗು. ನಮ್ಮನ್ನ ಏನೂ ಕೇಳಬೇಡ. ತಿರುಗಿ ಬರಬೇಡ.’ ಅಷ್ಟೇ ಅಂದ. ಆಮೇಲೆ ದಾರ ಬಿಗಿದ ಸದ್ದು.”

ಸೆಕಾಯಿ ಆ ಮಾತನ್ನು ಪದ ಬಿಡದೆ ಬರೆದುಕೊಂಡಳು. ಪೊಲೀಸು ಕೆಲಸ ಬಿಟ್ಟು ಸ್ವಂತವಾಗಿ ಪತ್ತೇದಾರಿ ಶುರು ಮಾಡಿದ ಮೇಲೆ ಅವಳು ಕಲಿತದ್ದು ಒಂದೇ ವಿದ್ಯೆ, ಸುಮ್ಮನಿರುವುದು.

ಅವರಲ್ಲಿ ಮಕ್ಕಳಿಲ್ಲದೆ ಸತ್ತವನ ಬೆನ್ನಿಗೆ ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡೊಂದನ್ನು ಕೂಸಿನ ಹಾಗೆ ಕಟ್ಟಿ ಕಳಿಸುತ್ತಾರೆ. ವರ್ಷ ತುಂಬಿದಾಗ ರಾಗಿ ಹೆಂಡ ಎರೆದು ಅಂಥವನ ಆತ್ಮವನ್ನು ಮನೆಗೆ ಕರೆತರುವ ಶಾಸ್ತ್ರವಿಲ್ಲ. ದಿಂಡೇ ಅವನ ಸಂತಾನ. ಅಲ್ಲಿಗೆ ಅವನಿಗೂ ಬದುಕಿರುವವರಿಗೂ ಋಣ ಹರಿಯಿತು.

ಗಾಯಕ ತವೆಂಗ್ವಾ ಅಂಥವನೆಂದೇ ಎಲ್ಲರೂ ತಿಳಿದಿದ್ದರು. ಹದಿನಾರು ವರ್ಷದ ಹಿಂದೆ, ಇಪ್ಪತ್ತಾರನೇ ವಯಸ್ಸಿನಲ್ಲಿ, ರುಸಾಪೆ ಪಟ್ಟಣದ ಆಚೆ ಹೊತ್ತಿ ಉರಿದ ಬಸ್ಸಿನಲ್ಲಿ ಸತ್ತುಹೋದವನು. ಈಗ ಅವನ ಹೆಸರಿನಲ್ಲಿ ಬಸ್ ನಿಲ್ದಾಣಗಳಲ್ಲಿ ಒಂದೊಂದಾಗಿ ಹೊಸ ಸಿ.ಡಿ.ಗಳು ಮಾರಾಟಕ್ಕೆ ಬರುತ್ತಿದ್ದವು. ‘ಮೂವತ್ತರಲ್ಲಿ ತವೆಂಗ್ವಾ.’ ‘ಮೂವತ್ತೈದರಲ್ಲಿ ತವೆಂಗ್ವಾ.’ ಹೋದ ವಾರ ಬಂದದ್ದು ‘ನಲವತ್ತರಲ್ಲಿ ತವೆಂಗ್ವಾ.’ ಯಾರೋ ಜಾಣ ಅನುಕರಣಕಾರ ಸತ್ತವನ ಮುಂದಿನ ಬಾಳನ್ನು ಊಹಿಸಿ ಹಾಡುತ್ತಿದ್ದಾನೆ ಎಂದು ಪತ್ರಿಕೆಯವರು ಬರೆದರು. ತಾಯಿ ಎರಿನಾ ಮಾತ್ರ ಸೆಕಾಯಿಯನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದ್ದಳು. ‘ನನ್ನ ಮಗ ಬದುಕಿದಾನಾ?’

ಮಂಚದ ಪಕ್ಕದ ಸ್ಟೂಲಿನ ಮೇಲೆ ಮೂರನೇ ಸಿ.ಡಿ. ತಿರುಗುತ್ತಿತ್ತು. ಎಂಬಿರಾ ಎಂಬ ಬೆರಳಲ್ಲಿ ಮೀಟುವ ವಾದ್ಯದ ಕಬ್ಬಿಣದ ಕಡ್ಡಿಗಳು ಸೋರೆಬುರುಡೆಯೊಳಗೆ ತೊಟ್ಟಿಕ್ಕಿದವು. ಎಡಗಡೆಯ ದಪ್ಪ ಕಡ್ಡಿಯ ಸರದಿ ಬಂದಾಗಲೆಲ್ಲ ಸ್ವರದ ಹಿಂದೆ ಒಂದು ಸಣ್ಣ ಕೆಮ್ಮು ಕೇಳುತ್ತಿತ್ತು. ಬಿರುಕು ಬಿಟ್ಟ ಕಡ್ಡಿ.

“ಕೇಳಿದ್ಯಾ?” ಅಜ್ಜಿ ಬೆರಳೆತ್ತಿದಳು. “ಅವನ ಎಂಬಿರಾನೇ. ಹುಡುಗನಾಗಿದ್ದಾಗ ಬಾವಿಕಟ್ಟೆ ಮೇಲಿಂದ ಬೀಳಿಸಿದ್ದ, ಅವತ್ತಿಂದ ಆ ಕಡ್ಡಿ ಹಂಗೇ ಕೆಮ್ಮೋದು. ಮಣ್ಣಿಗೆ ಹೋದದ್ದು ಹೆಂಗೆ ಹಾಡತ್ತೆ, ಹೇಳು.”

“ಬೆಂಕಿಗೆ ಹೋಯ್ತು ಅಂತಿದ್ರಲ್ಲ ಅಜ್ಜಿ, ಬಸ್ಸಿನ ಜೊತೆ?”

ಮುದುಕಿ ಕಣ್ಣು ತೆರೆದು ಅವಳನ್ನೇ ನೋಡಿದಳು.

“ಹೌದು. ಬೆಂಕಿಗೆ.” ಗೋಡೆಯ ಕಡೆಗೆ ಹೊರಳಿಕೊಂಡಳು. “ಬೇಗ ನೋಡು ಮಗಳೇ. ಇನ್ನೊಂದು ಸಲ ಮೋಸ ಹೋಗೋಕೆ ನನ್ನ ಹತ್ರ ದಿನ ಉಳಿದಿಲ್ಲ.”

ಜ್ವರದ ಮಾತು ಎಂದುಕೊಂಡಳು ಸೆಕಾಯಿ. ಗೇಟು ದಾಟುವಾಗ ಅವಳ ತಲೆಯಲ್ಲಿದ್ದದ್ದು ಆ ಮಾತಲ್ಲ. ನಿನ್ನೆ ಮುತಾರೆಯಲ್ಲಿ ವಿಚಾರಿಸುತ್ತ ಹೋದಾಗ ಸಿಕ್ಕ ಒಬ್ಬ ಹೆಂಗಸು, ತವೆಂಗ್ವಾ ಒಲಿದಿದ್ದ ಹುಡುಗಿಯ ಸೋದರತ್ತೆ, ಕಡಲೆಕಾಯಿ ಸುಲಿಯುತ್ತ ಬಾಯಿ ತಪ್ಪಿ ಆಡಿದ ಮಾತು. ‘ನಮ್ಮ ಹುಡುಗಿ ಬಸುರಾದಾಗ ತವೆಂಗ್ವಾನ ಕಡೆಯಿಂದ ತಪ್ಪು ಒಪ್ಪಿಕೊಳ್ಳೋಕೆ ಬಂದಿದ್ದು ಒಬ್ಬ ತಗಡು ಬಡಿಯೋನು. ಕೆಟ್ಟ ದೊಡ್ಡ ಗಂಟಲು.’

ಆ ಬಸ್ಸಿಗೆ ಬೆಂಕಿ ಬೀಳುವ ಮುಂಚಿನ ಮಾತು ಅದು.

*

ಎಂಬಾರೆಗೆ ಹೋಗುವ ವ್ಯಾನಿನಲ್ಲೂ ಅದೇ ಸಿ.ಡಿ.

“ಬದುಕಿದ್ದಿದ್ರೆ ಇಷ್ಟೊತ್ತಿಗೆ ಹೊಟ್ಟೆ ಬಂದಿರ್ತಿತ್ತು,” ಎಂದಳು ಟೊಮೆಟೊ ಬುಟ್ಟಿ ತೊಡೆಯ ಮೇಲಿಟ್ಟುಕೊಂಡವಳು.

“ಹೊಟ್ಟೆ ಒಂದೇನಾ? ಮೂರು ಹೆಂಡ್ತೀರು.”

“ಎಲ್ಲಿಯ ಹೆಂಡ್ತೀರು. ಚರ್ಚಿಗೆ ಸೇರಿ ಬಿಳಿ ನಿಲುವಂಗಿ ಹಾಕ್ಕೊಂಡು, ನನ್ನ ಹಳೇ ಹಾಡೆಲ್ಲ ಸೈತಾನಂದು ಅಂತಿದ್ದ. ಎಲ್ಲಾ ಹಾಡುಗಾರರೂ ಕೊನೆಗೆ ಅಲ್ಲಿಗೇ ಬರೋದು.”

“ಲಂಡನ್ನಿಗೆ ಹೋಗಿ ಬಿಳಿ ಮುದುಕರಿಗೆ ಗಂಜಿ ಕುಡಿಸ್ತಿದ್ದ,” ಎಂದ ಡ್ರೈವರ್. “ನನ್ನ ಭಾವಮೈದನೂ ಇಲ್ಲಿ ಡ್ರಮ್ಮು ಬಾರಿಸ್ತಿದ್ದೋನೇ.”

ವ್ಯಾನು ನಕ್ಕಿತು. ಸೆಕಾಯಿ ಕಿಟಕಿಯಾಚೆ ನೋಡಿದಳು. ಎಳೆಯ ವಯಸ್ಸಿನಲ್ಲಿ ಸತ್ತವನ ಉಳಿದ ಆಯುಸ್ಸನ್ನು ಊರೇ ಹಂಚಿಕೊಳ್ಳುತ್ತದೆ. ಒಬ್ಬೊಬ್ಬರೂ ತಮಗೆ ಬೇಕಾದ ಹಾಗೆ ಅವನನ್ನು ಮುದುಕನನ್ನಾಗಿ ಮಾಡುತ್ತಾರೆ. ಅವನು ಬೇಡ ಎನ್ನಲಾರ.

ಅವಳ ಗಂಡನೂ ಜೊಹಾನ್ಸ್‌ಬರ್ಗಿಗೆ ಹೋದವನು ಮತ್ತೆ ಸುದ್ದಿಯಿಲ್ಲ. ಅವನಿಗೆ ಈಗ ಕೂದಲು ನೆರೆತಿರಬಹುದೇ ಎಂದು ಅವಳೂ ಒಮ್ಮೊಮ್ಮೆ ಊಹಿಸುತ್ತಿದ್ದಳು. ಆ ಕೆಲಸದಲ್ಲಿ ಎಷ್ಟು ಸುಳ್ಳು ಸೇರುತ್ತದೆ ಎಂದು ಅವಳಿಗೆ ಗೊತ್ತು.

ಅದಕ್ಕೇ ಆ ಸಿ.ಡಿ.ಗಳು ಅವಳನ್ನು ಕಾಡುತ್ತಿದ್ದವು. ಅವುಗಳಲ್ಲಿ ಯಾರ ಬಯಕೆಯೂ ಇರಲಿಲ್ಲ. ಮೂವತ್ತರ ಹಾಡಿನಲ್ಲಿ ಇನ್ನೂ ಅವಸರ, ಗೆಲ್ಲಬೇಕೆಂಬ ಹುರುಪು. ಮೂವತ್ತೈದರಲ್ಲಿ ಗಂಟಲು ಒರಟಾಗಿ, ಹಾಡುಗಾರನಿಗೆ ತನ್ನ ಮೇಲೇ ಬೇಸರ ಬಂದ ಹಾಗಿತ್ತು. ನಲವತ್ತರಲ್ಲಿ ಸ್ವರಗಳಿಗಿಂತ ಸ್ವರಗಳ ನಡುವಿನ ತೆರಪೇ ಹೆಚ್ಚು. ಒಂದು ಸಾಲು ಹಾಡಿ, ಮುಂದಿನ ಸಾಲು ಹಾಡದೆ ಬಿಟ್ಟು, ಎಂಬಿರಾ ಮಾತ್ರ ನುಡಿಯಲು ಬಿಡುತ್ತಿದ್ದ. ಹಾಡಿದ್ದನ್ನು ಯಾರು ಬೇಕಾದರೂ ಅನುಕರಿಸಬಹುದು. ಹಾಡದೆ ಬಿಟ್ಟದ್ದನ್ನು ಹೇಗೆ ಅನುಕರಿಸುತ್ತಾರೆ?

*

ಎಂಬಾರೆಯ ಮಗಾಬಾ ಸಂತೆಯಲ್ಲಿ ಸಾವಿರ ಸುತ್ತಿಗೆಗಳು ಒಟ್ಟಿಗೆ ಬಡಿಯುತ್ತಿದ್ದವು. ಹಳೆಯ ಡ್ರಮ್ಮುಗಳನ್ನು ಸೀಳಿ ಬಕೆಟ್ಟು, ಒಲೆ, ಬಾಣಲೆ ಮಾಡುವ ಜಾಗ. ಜೈರೊಸ್ ತಗಡಿನ ನೆರಳಿನಲ್ಲಿ ಕೂತು ಸಡ್ಜಾ ಮುದ್ದೆಯನ್ನು ಒಣಮೀನಿನ ಸಾರಿಗೆ ಅದ್ದುತ್ತಿದ್ದ. ಅರವತ್ತು ದಾಟಿದ ದೊಡ್ಡ ಮೈಯಾಳು. ತವೆಂಗ್ವಾನ ಮನೆತನಕ್ಕೆ ಅವನು ಸಾಹ್ವಿರಾ, ಅಜ್ಜಂದಿರ ಕಾಲದಿಂದ ಬಂದ ಕುಲಗೆಳೆಯ. ಆ ಮನೆಯ ಹೆಣ ತೊಳೆಯುವವನು ಅವನೇ, ಸತ್ತವನ ಅಂಗಿ ತೊಟ್ಟು ಸತ್ತವನ ನಡಿಗೆ ನಡೆದು ಅಳುವವರನ್ನು ನಗಿಸುವವನೂ ಅವನೇ.

“ಗಾರ್ವೆ,” ಎಂದು ಅವಳು ಮಂಡಿಯೂರಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಮೊಸಳೆ ಕುಲದ ಗಂಡಸನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

“ಓಹೋ, ಸೋಕೊ ಬಂದ್ಲು. ಕೋತಿ ಕುಲದವರಿಗೆ ಕೂತಲ್ಲಿ ಕೂರೋಕೆ ಬರಲ್ಲ ಅಂತಾರೆ. ನಿಜ ನೋಡು. ಹೋದ ವಾರ ತಾನೇ ಬಂದಿದ್ದೆ.”

“ಮೊಸಳೆ ಬಾಯಿ ಮುಚ್ಚಿದ್ರೂ ಹಲ್ಲು ಕಾಣತ್ತೆ ಅಂತಾರೆ, ಗಾರ್ವೆ. ಅದನ್ನ ನೋಡೋಕೆ ಬಂದೆ.”

ಜೈರೊಸ್ ಗಹಗಹಿಸಿ ನಕ್ಕ. ಪಕ್ಕದ ಅಂಗಡಿಯ ಸುತ್ತಿಗೆ ಒಂದು ಕ್ಷಣ ನಿಂತು ಮತ್ತೆ ಬಡಿಯಿತು.

“ಮುದ್ದೆ ತಿಂತೀಯಾ?”

“ಮಾತಾಡಿ ಸಾಕು. ಆ ಸಿ.ಡಿ.ಗಳಲ್ಲಿ ಹಾಡ್ತಿರೋದು ಯಾರು?”

ಅವನು ಬೆರಳು ನೆಕ್ಕಿದ. ಈ ಪ್ರಶ್ನೆಗೆ ಕಾದು ಕೂತವನ ಹಾಗೆ ಕೈಯೊರೆಸಿಕೊಂಡ.

“ನಾನೇ.”

“ನೀವು?”

“ಸಾಹ್ವಿರಾ ಅಲ್ವಾ? ಸತ್ತವನ ವೇಷ ಹಾಕೋದು ನನ್ನ ಹಕ್ಕು. ಹೆಣದ ಮನೇಲಿ ಒಂದು ದಿನ ಹಾಕಿದ್ರೆ ಸಾಲದು ಅನ್ನಿಸ್ತು. ಕೂತು ಯೋಚನೆ ಮಾಡ್ದೆ. ಮೂವತ್ತಕ್ಕೆ ಹುಡುಗ ಹೆಂಗಿರ್ತಿದ್ದ? ಮೂವತ್ತೈದಕ್ಕೆ ಎಷ್ಟು ಕುಡೀತಿದ್ದ? ನಲವತ್ತಕ್ಕೆ ಯಾರ ಮೇಲೆ ಮುನಿಸ್ಕೊಳ್ತಿದ್ದ? ಹಾಡು ಕಟ್ಟಿದೆ. ಪೊಲೀಸ್ಗೆ ಹೇಳ್ತೀಯಾ? ಹೇಳು. ಕುಲಗೆಳೆಯನನ್ನ ಜೈಲಿಗೆ ಹಾಕೋ ಕಾನೂನು ಇನ್ನೂ ಬಂದಿಲ್ಲ.”

ಸೆಕಾಯಿ ಅವನ ಕೈ ನೋಡುತ್ತಿದ್ದಳು. ಬಲಗೈ ಹೆಬ್ಬೆರಳು ಯಾವುದೋ ಕಾಲದಲ್ಲಿ ಸುತ್ತಿಗೆಗೆ ಸಿಕ್ಕಿ ಚಪ್ಪಟೆಯಾಗಿತ್ತು. ಉಗುರಿರಲಿಲ್ಲ. ಗೆಣ್ಣು ಮಡಿಚುತ್ತಿರಲಿಲ್ಲ.

“ಎಂಬಿರಾ ನುಡಿಸೋದು ಹೆಬ್ಬೆರಳಲ್ಲಿ,” ಎಂದಳು. “ಈ ಹೆಬ್ಬೆರಳಲ್ಲಾ?”

ಜೈರೊಸ್ ಅದನ್ನು ಯಾರೋ ಕೊಟ್ಟುಹೋದ ಸಾಮಾನಿನಂತೆ ತಿರುಗಿಸಿ ನೋಡಿದ. “ಪೊಲೀಸ್ ಬಿಟ್ರೂ ಕಣ್ಣು ಬಿಟ್ಟಿಲ್ಲ ನೀನು,” ಎಂದ. ನಗು ಇತ್ತು, ಆದರೆ ಗಂಟಲು ಸಣ್ಣದಾಗಿತ್ತು.

“ಅವನ ಊರು ಬುಹೇರಾದಲ್ಲಿ ಮಣ್ಣು ಮಾಡಿದ ದಿನ ಅವನ ಬೆನ್ನಿಗೆ ದಿಂಡು ಕಟ್ಟಿದ್ರಾ?”

“ಇದೇನು ಪ್ರಶ್ನೆ? ಮಕ್ಕಳಿಲ್ಲದೋನಿಗೆ ಕಟ್ಟಲೇಬೇಕು.”

“ಮಾತೂ ಹೇಳಿದ್ರಾ? ತಿರುಗಿ ಬರಬೇಡ ಅಂತ?”

“ಮಾತಿಲ್ಲದೆ ಕಟ್ಟಿದ್ರೆ ಅದು ದಿಂಡಾಗತ್ತೆ, ಮಗು ಆಗಲ್ಲ.”

“ನಿನ್ನೆ ನಾನು ಮುತಾರೆಯಲ್ಲಿದ್ದೆ, ಗಾರ್ವೆ. ಹುಡುಗಿಯ ಸೋದರತ್ತೆಯ ಮನೆಯಲ್ಲಿ.”

ಅವನು ತಟ್ಟೆಯನ್ನು ನಿಧಾನವಾಗಿ ನೆಲದ ಮೇಲಿಟ್ಟ. ಎರಡು ನೊಣ ಬಂದು ಕೂತವು. ಅವನು ಓಡಿಸಲಿಲ್ಲ.

“ತವೆಂಗ್ವಾನ ಪರವಾಗಿ ಮಧ್ಯಸ್ಥಿಕೆಗೆ ಹೋಗಿದ್ದು ನೀವು. ಹುಡುಗಿ ಬಸುರಿ ಅಂತ ನಿಮಗೆ ಗೊತ್ತಿತ್ತು. ಎರಿನಾ ಅಜ್ಜಿಗೆ ಗೊತ್ತಿರಲಿಲ್ಲ, ಊರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು.”

“ಗುಟ್ಟು ಕಾಯ್ತೀನಿ ಅಂತ ಮಾತು ಕೊಟ್ಟಿದ್ದೆ. ದಿಂಡು ಕಟ್ಟದೆ ಇದ್ರೆ ಜನ ಕೇಳ್ತಿರಲಿಲ್ವಾ? ತೋರಿಕೆಗೆ ಕಟ್ಟಿದೆ.”

“ತೋರಿಕೆಗೆ ಅಂದ್ರೆ ಬರೀ ಬಟ್ಟೆ ಸುತ್ತಿ ಗಂಟು ಹಾಕಬಹುದಿತ್ತು. ಕಂಬಳಿಯೊಳಗೆ ನೀವೊಬ್ಬರೇ. ಬಾಯಿ ಅಲ್ಲಾಡಿಸಿ ಸುಮ್ಮನಿರಬಹುದಿತ್ತು. ನೀವು ಪೂರ್ತಿ ಮಾತು ಹೇಳಿದ್ರಿ, ಹೊರಗಿದ್ದ ತಾಯಿಗೆ ಕೇಳೋ ಹಾಗೆ.” ಅವಳು ದನಿ ಏರಿಸಲಿಲ್ಲ. “ಮಗು ಇರೋನಿಗೆ ಆ ಮಾತು ಹೇಳಿದ್ರೆ ಏನಾಗತ್ತೆ, ಗಾರ್ವೆ?”

ಜೈರೊಸ್ ಈಗ ತಟ್ಟೆಯ ನೊಣಗಳನ್ನು ಓಡಿಸಿದ.

“ಅಪ್ಪ ಬಂದು ಆ ಮಗುವನ್ನ ಕರಕೊಂಡು ಹೋಗ್ತಾನೆ. ಎರಡು ಕೂಸು ಹೊರೋಕೆ ಅವನಿಗೆ ಒಂದೇ ಬೆನ್ನು. ಚಿಕ್ಕ ಮಕ್ಕಳಿಗೂ ಗೊತ್ತಿರೋದು ಇದು. ನಿಮ್ಮಂಥ ಕುಲಗೆಳೆಯ ನಾಲಗೆ ಕತ್ತರಿಸ್ಕೊಂಡಾನು, ತವೆಂಗ್ವಾನ ಹೆಣಕ್ಕೆ ಆ ಮಾತು ಹೇಳಲ್ಲ. ನೀವು ಹೇಳಿದ್ರಿ. ಅಂದ್ರೆ ಆ ಪೆಟ್ಟಿಗೆಯಲ್ಲಿ ಇದ್ದದ್ದು ಅವನಲ್ಲ.”

ಸುತ್ತಲೂ ಸುತ್ತಿಗೆಗಳು ಬಡಿಯುತ್ತಲೇ ಇದ್ದವು.

“ಬಸ್ಸಿನ ಮೇಲೆ ಸಾಮಾನು ಕಟ್ಟೋ ಹುಡುಗ,” ಎಂದ ಜೈರೊಸ್ ಕೊನೆಗೆ. “ಬೆಳಗಿನ ಚಳಿ. ನಮ್ಮವನು ಕೋಟು ಬಿಚ್ಚಿ ಅವನಿಗೆ ಹೊದಿಸಿದ್ದ. ರುಸಾಪೆಯಲ್ಲಿ ಚಹಾ ಕುಡಿಯೋಕೆ ಇಳಿದ. ಬಸ್ಸು ಇವನನ್ನ ಬಿಟ್ಟು ಹೋಯ್ತು. ಮುಂದೆ ಬೆಂಕಿ. ಶವಾಗಾರದಲ್ಲಿ ಕೋಟಿನ ಗುಂಡಿ ನೋಡಿ ತವೆಂಗ್ವಾ ಅಂತ ಬರಕೊಂಡ್ರು. ನಾನು ನೋಡಿದ ತಕ್ಷಣ ಗೊತ್ತಾಯ್ತು. ಈ ಕೈಯಲ್ಲಿ ಎತ್ತಿ ಆಡಿಸಿದ ಮೈ ಅಲ್ಲ ಅದು.”

“ಹೇಳಲಿಲ್ಲ ನೀವು.”

“ಹುಡುಗಿಯ ಅಣ್ಣಂದಿರು ಕತ್ತಿ ಮಸೀತಿದ್ರು. ಸತ್ತ ಅಂತ ಕೇಳಿ ಕತ್ತಿ ಒಳಗಿಟ್ರು. ಸತ್ತೋನನ್ನ ಯಾರು ಹುಡುಕ್ತಾರೆ? ಅವಳನ್ನೂ ಕೂಸನ್ನೂ ಕರಕೊಂಡು ಚಿಮಾನಿಮಾನಿ ಬೆಟ್ಟದ ಗಡಿಗೆ ಹೋದ. ಬಸ್ಸು ಹತ್ತೋ ಮೊದಲೇ ಎಂಬಿರಾ ನನ್ನ ಹತ್ರಾನೇ ಬಿಟ್ಟಿದ್ದ. ಹೆಣ್ಣಿನ ಮನೆ ಬಾಗಿಲಿಗೆ ತಪ್ಪೊಪ್ಪೋಕೆ ಹೋಗೋನು ವಾದ್ಯ ಹೊತ್ಕೊಂಡು ಹೋಗ್ತಾನಾ? ಆಮೇಲೆ ತಲುಪಿಸಿದೆ.”

“ಆ ಹುಡುಗನಿಗೆ ದಿಂಡು ಕಟ್ಟಿದ್ರಿ.”

“ಅವನನ್ನ ಕೇಳ್ಕೊಂಡು ಯಾರೂ ಬರಲಿಲ್ಲ, ಸೋಕೊ. ಹೆಸರಿಲ್ಲ, ಊರಿಲ್ಲ. ಇನ್ನೊಬ್ಬನ ಹೆಸರಲ್ಲಿ, ಇನ್ನೊಬ್ಬನ ತಾಯಿಯ ಅಳು ಹೊತ್ಕೊಂಡು ಹೋಗ್ತಿದ್ದ. ಬರಿ ಬೆನ್ನಲ್ಲಿ ಕಳಿಸಲಾ? ನನ್ನ ಕೈಲಿ ಆಗಲಿಲ್ಲ.”

ಹದಿನಾರು ವರ್ಷ ಯಾರ ಕಣ್ಣಿಗೂ ಬೀಳದಂತೆ ನಿಂತಿದ್ದ ಸುಳ್ಳಿನಲ್ಲಿ ಬಿರುಕು ಬಿಟ್ಟದ್ದು ಅಲ್ಲೇ, ಅವನು ಕರುಣೆ ತೋರಿದ ಜಾಗದಲ್ಲಿ. ಸೆಕಾಯಿಗೆ ಗೆದ್ದೆನೆಂದು ಅನಿಸಲಿಲ್ಲ.

“ಹಾಗಾದ್ರೆ ಬದುಕಿದಾನೆ,” ಎಂದಳು. “ನಡೀರಿ. ಅಜ್ಜಿ ಈ ವಾರ ದಾಟೋದು ಕಷ್ಟ. ಇವತ್ತೇ ಹೊರಟ್ರೆ ಅವನನ್ನ ಕರಕೊಂಡು ಬರಬಹುದು.”

“ಸತ್ತ.”

“ಏನು?”

“ಮೂರು ವರ್ಷ ಆಯ್ತು. ಬೆಟ್ಟದಲ್ಲಿ ಚಿನ್ನ ಅಗೆಯೋ ಗುಂಡಿ ಕುಸೀತು. ಮೂವತ್ತರದ್ದು, ಮೂವತ್ತೈದರದ್ದು, ಆ ಎರಡು ಹಾಡಿನ ಗುಚ್ಛ ಅವನೇ ಅಲ್ಲಿ ಕೂತು ಹಾಡಿ ಕೊಟ್ಟಿದ್ದ. ಇಷ್ಟು ದಿನ ಬಚ್ಚಿಟ್ಟಿದ್ದೆ. ಈಗ ಮಾರಿದೆ. ನಲವತ್ತನ್ನ ಅವನು ಕಾಣಲೇ ಇಲ್ಲ. ಆ ಮೂರನೇದು ಯಾರದೋ ನನಗೆ ಗೊತ್ತಿಲ್ಲ.”

“ಅಜ್ಜಿಗೆ ಇದನ್ನ ಹೇಗೆ ಹೇಳಲಿ?”

ಜೈರೊಸ್ ಅವಳನ್ನು ವಿಚಿತ್ರವಾಗಿ ನೋಡಿದ. “ಹೇಳೋದೇನು? ಅವಳಿಗೆ ಗೊತ್ತು. ಎರಡನೇ ಸಲ ಮಣ್ಣು ಮಾಡುವಾಗ ನಾನೇ ಕರಕೊಂಡು ಹೋಗಿದ್ದೆ. ಒಂದು ಹಿಡಿ ಮಣ್ಣು ಅವಳೇ ಹಾಕಿದ್ಲು.”

ಮಣ್ಣಿಗೆ ಹೋದದ್ದು ಹೆಂಗೆ ಹಾಡತ್ತೆ.

ಅಜ್ಜಿ ಅಂದದ್ದು ಜ್ವರದ ಮಾತಾಗಿರಲಿಲ್ಲ. ಇನ್ನೊಂದು ಸಲ ಮೋಸ ಹೋಗೋಕೆ ದಿನ ಇಲ್ಲ ಎಂದದ್ದೂ ಅಲ್ಲ. ದಿಂಡಿನ ಕಥೆ ಹೇಳಿದ್ದೂ ಅಷ್ಟೆ. ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಆ ಹಳೆಯ ಸಂಗತಿಯನ್ನು, ಉಸಿರಿಗೇ ಕಷ್ಟಪಡುವ ಮುದುಕಿ, ಒಂದೊಂದು ಪದ ಬಿಡದೆ ಹೇಳಿದ್ದಳು. ಕುಲಗೆಳೆಯನ ಮುಖಕ್ಕೆ ತಾನು ಕೇಳಲಾಗದ್ದನ್ನು ಇನ್ನೊಬ್ಬಳಿಂದ ಕೇಳಿಸಲು.

“ಅಜ್ಜಿಗೆ ಮುಖ ತೋರಿಸಿದ್ರಾ?” ಸೆಕಾಯಿ ಕೇಳಿದಳು.

“ಕಲ್ಲು ಬಿದ್ದಿತ್ತು. ತಾಯಿ ನೋಡೋ ಹಾಗಿರಲಿಲ್ಲ. ಮುಚ್ಚಳ ತೆಗೀಲಿಲ್ಲ.”

“ಎಂಬಿರಾ?”

“ಎದೆ ಮೇಲೆ ಇಟ್ಟು ಮುಚ್ಚಿದೆ. ನನ್ನ ಕೈಯಾರೆ.”

ಅವಳು ಚೀಲದಿಂದ ಫೋನು ತೆಗೆದು, ಮಂಚದ ಪಕ್ಕದಲ್ಲಿ ದಾಖಲಿಸಿಕೊಂಡಿದ್ದ ಮೂರನೇ ಸಿ.ಡಿ.ಯ ಹಾಡನ್ನು ಅವನ ಕಿವಿಯ ಹತ್ತಿರ ಹಿಡಿದಳು. ಸುತ್ತಿಗೆಗಳ ಗದ್ದಲದಲ್ಲಿ ಮೊದಲು ಏನೂ ಕೇಳಲಿಲ್ಲ. ಆಮೇಲೆ ಸೋರೆಬುರುಡೆಯ ಗುಂಯ್‌ಗುಡುವಿಕೆ. ಒಂದು ಸಾಲು ಹಾಡು. ತೆರಪು. ಎಡಗಡೆಯ ದಪ್ಪ ಕಡ್ಡಿ. ಅದರ ಬೆನ್ನಿಗೇ ಆ ಸಣ್ಣ ಕೆಮ್ಮು.

ಜೈರೊಸ್‌ನ ಮುಖದಲ್ಲಿ ಆಶ್ಚರ್ಯಕ್ಕಾಗಿ ಅವಳು ಕಾದಳು. ಬರಲಿಲ್ಲ. ಹೂತಿಟ್ಟ ವಾದ್ಯ ಹಾಡುವುದನ್ನು ಕೇಳಿದವನ ಮುಖ ಅದಾಗಿರಲಿಲ್ಲ. ಹುಡುಗ ತಾನು ಹೇಳಿದ ಮಾತು ಕೇಳಲಿಲ್ಲವಲ್ಲ ಎಂದು ನೊಂದ ಹಿರಿಯನ ಮುಖ.

ಅವನು ಪಕ್ಕದ ತಗಡನ್ನು ಎಳೆದುಕೊಂಡು ಸುತ್ತಿಗೆ ಎತ್ತಿದ. ಎತ್ತಿದ ಕೈ ಕೆಳಗೆ ಬರಲಿಲ್ಲ.

“ಗಾರ್ವೆ,” ಎಂದಳು ಸೆಕಾಯಿ. “ಅಲ್ಲಿ ಒಬ್ಬಳು ತಾಯಿ ಬಾಗಿಲ ಕಡೆ ಕಣ್ಣು ನೆಟ್ಟು ಜೀವ ಹಿಡ್ಕೊಂಡಿದಾಳೆ. ಒಂದೇ ಒಂದು ಹೇಳಿ. ಎರಡನೇ ಸಲ, ಆ ಬೆಟ್ಟದ ಮೇಲೆ, ಪೆಟ್ಟಿಗೆಯಲ್ಲಿ ಮಲಗಿಸಿದವನ ಬೆನ್ನಿಗೆ ದಿಂಡು ಕಟ್ಟಿದ್ರಾ?”

ಅವನು ಎತ್ತಿದ ಸುತ್ತಿಗೆಯನ್ನು ತಗಡಿನ ಪಕ್ಕಕ್ಕೆ ಇಟ್ಟ.

“ಗುಂಡಿಯಲ್ಲಿ ಸಿಕ್ಕ ಆ ಹುಡುಗನಿಗೂ ಯಾರೂ ಇರಲಿಲ್ಲ,” ಎಂದ.